ಹೈದರಾಬಾದಿನ ಸುತ್ತಣ ಸಿನಿಮಾ ಮತ್ತು ದಿನಬಳಕೆಯ ಸತ್ಯ

ತೆರೆಯ ಮೇಲೆ ಸತ್ತವನು ಎದ್ದು ಬಂದರೂ ಒಪ್ಪಿಕೊಳ್ಳುವ ಪ್ರೇಕ್ಷಕನು, ತುಂಬಿದ ಕೊಡವೆಂದು ಖಾಲಿ ಕೊಡವನ್ನು ನಾಯಕಿ ಸಲೀಸಾಗಿ ಹೊತ್ತು ನಡೆದಾಗಲೋ ಕೂಲಿಯಾಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಲಕ್ಕಿಳಿದಾಗಲೋ ಮುಖ ಸಿಂಡರಿಸುತ್ತಾನೆ. ಕಥೆಯ ತಿರುವುಗಳಿಗಿಂತ ಪಾತ್ರಗಳ ನಿತ್ಯದ ಬದುಕಿಗೆ ಸೇರಿದ ಇಂಥ ಸಣ್ಣ ಬಿರುಕುಗಳನ್ನು ಮುಚ್ಚಲು ಹೈದರಾಬಾದಿನ ಸುತ್ತಮುತ್ತ 1974ರಿಂದ 1988ರ ವರೆಗೆ ಗಂಭೀರವಾದ ಪ್ರಯತ್ನವೊಂದು ನಡೆಯಿತು. ಕನ್ನಡ ನಟರೂ ಬರಹಗಾರರೂ ಅದರಲ್ಲಿ ಪಾಲುಗೊಂಡರು.

ಅದಕ್ಕೆ ಮೊದಲಿನ ಸ್ಥಿತಿಯನ್ನು ಚುಟುಕಾಗಿ ಹೇಳಬಹುದು. ತೆಲುಗು ಸಿನಿಮಾ ಬಹುಕಾಲ ಮದರಾಸಿನಲ್ಲಿ, ಹೆಚ್ಚಾಗಿ ಕರಾವಳಿ ಆಂಧ್ರದ ಬರಹಗಾರರ ಕೈಯಲ್ಲಿ ಬೆಳೆದುದರಿಂದ ತೆಲಂಗಾಣದ ಹಳ್ಳಿಯ ಮಾತಿಗೆ ಅಲ್ಲಿ ಗೌರವದ ಸ್ಥಾನವಿರಲಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಕಲಬುರಗಿ, ಬೀದರಗಳಲ್ಲಿ ಬೇರುಬಿಟ್ಟು ಹೈದರಾಬಾದಿನಲ್ಲಿ ಹಬ್ಬಿದ ದಖ್ಖನಿ ಎಂಬ ಉರ್ದುವಿನ ಪ್ರಾದೇಶಿಕ ರೂಪವು ಹಿಂದಿ ಸಿನಿಮಾದಲ್ಲಿ ನಗೆಗಷ್ಟೇ ಬಳಕೆಯಾಗುತ್ತಿತ್ತು. 1965ರ ‘ಗುಮ್ನಾಮ್’ ಚಿತ್ರದಲ್ಲಿ ಮೆಹಮೂದ್ ನಟಿಸಿದ ಬಟ್ಲರನ ಪಾತ್ರವೇ ಅದಕ್ಕೆ ಸಾಕ್ಷಿ.

ಈ ರೂಢಿಯನ್ನು ಮುರಿದವರು ಶ್ಯಾಮ್ ಬೆನಗಲ್. ಕರ್ನಾಟಕ ಮೂಲದ, ಕೊಂಕಣಿ ಮನೆಮಾತಿನ ಛಾಯಾಗ್ರಾಹಕರೊಬ್ಬರ ಮಗನಾಗಿ 1934ರಲ್ಲಿ ಸಿಕಂದರಾಬಾದಿನ ತಿರುಮಲಗಿರಿಯಲ್ಲಿ ಹುಟ್ಟಿದ ಅವರು, ಕಾಲೇಜು ದಿನಗಳಲ್ಲಿ ಬರೆದಿದ್ದ ಕಥೆಯನ್ನೇ ಬೆಳೆಸಿ 1974ರಲ್ಲಿ ‘ಅಂಕುರ್’ ಚಿತ್ರವನ್ನು ತೆರೆಗೆ ತಂದರು. ಅನಂತನಾಗ್ ನಟಿಸಿದ ಸೂರ್ಯ ಎಂಬ ಜಮೀನ್ದಾರನ ಮಗ, ಶಬಾನಾ ಆಜ್ಮಿ ನಟಿಸಿದ ದಲಿತ ಹೆಂಗಸು ಲಕ್ಷ್ಮಿ, ಸಾಧು ಮೆಹರ್ ನಟಿಸಿದ ಆಕೆಯ ಮೂಕ ಗಂಡ ಕಿಷ್ಟಯ್ಯ, ಈ ಮೂವರ ಸಂಬಂಧವನ್ನು ಚಿತ್ರವು ಮನೆಗೆಲಸದ ವಿವರಗಳ ಮೂಲಕವೇ ಕಟ್ಟುತ್ತದೆ. ಕುಂಬಾರಿಕೆ ಬಲ್ಲ ಕಿಷ್ಟಯ್ಯನಿಗೆ ಕೆಲಸವಿಲ್ಲದಿರುವುದಕ್ಕೆ ಅಲ್ಯೂಮಿನಿಯಂ ಪಾತ್ರೆಗಳು ಬಂದು ಮಡಕೆಗೆ ಗಿರಾಕಿ ಇಲ್ಲದಾದುದು ಕಾರಣವೆಂದು ತಿಳಿದಾಗ, ಒಂದು ಊರಿನ ಅರ್ಥವ್ಯವಸ್ಥೆ ಬದಲಾದ ಬಗೆಯು ಅಡುಗೆಮನೆಯ ಮಾತಿನಲ್ಲೇ ಹೊರಬೀಳುತ್ತದೆ. ಲಕ್ಷ್ಮಿಯ ಕೈಯ ಚಹಾವನ್ನು ಸೂರ್ಯ ಕುಡಿಯುವುದು ಊರಿನಲ್ಲಿ ಸುದ್ದಿಯಾಗುವಲ್ಲಿ ಜಾತಿಯ ಕಟ್ಟು ಕಾಣುತ್ತದೆ. ಯಾರು ಒಲೆಯ ಹತ್ತಿರ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ತಿಳಿಯದವರು ಇಂಥ ದೃಶ್ಯವನ್ನು ಬರೆಯಲಾರರು.

ಆದರೆ ‘ಅಂಕುರ್’ ಒಂದು ಬಿರುಕನ್ನು ಮುಚ್ಚುವಾಗಲೇ ಇನ್ನೊಂದನ್ನು ಹಾಗೆಯೇ ಉಳಿಸಿತು. ಅದರ ಪಾತ್ರಗಳು ದಖ್ಖನಿ ಛಾಯೆಯ ಹಿಂದಿಯಲ್ಲಿ ಮಾತನಾಡುವುದು ಬೊಂಬಾಯಿಯ ಪುಸ್ತಕದ ಭಾಷೆಗಿಂತ ನೂರು ಪಾಲು ನಿಜವೆನಿಸಿದರೂ, ತೆಲಂಗಾಣದ ಹಳ್ಳಿಯೊಂದರ ಲಕ್ಷ್ಮಿ ತನ್ನ ಗಂಡನೊಡನೆ ಆಡುವ ಮಾತು ತೆಲುಗೇ ಆಗಿರಬೇಕು. ಗಿರೀಶ ಕಾರ್ನಾಡರು ಶಾಲಾ ಮಾಸ್ತರರಾಗಿ ನಟಿಸಿದ, 1945ರ ತೆಲಂಗಾಣದಲ್ಲಿ ನಡೆಯುವ ‘ನಿಶಾಂತ್’ (1975) ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಹಿಂದಿಯ ಮಾರುಕಟ್ಟೆಗಾಗಿ ಮಾಡಿಕೊಂಡ ಈ ರಾಜಿಯನ್ನು ದೋಷವೆಂದು ಜರೆಯಬೇಕಾಗಿಲ್ಲ. ಆದರೆ ವಾಸ್ತವತೆಗೆ ಹೆಸರಾದ ಚಿತ್ರಗಳಲ್ಲಿಯೇ ಅದು ಇದೆಯೆಂಬುದನ್ನು ಇತಿಹಾಸಕಾರರು ಗುರುತಿಸಬೇಕು.

ತೆಲುಗಿನಲ್ಲೇ ತೆಗೆದ ಚಿತ್ರಗಳು ಆ ಕೊರತೆಯನ್ನು ನೀಗಿದವು. ‘ಚೋಮನ ದುಡಿ’ಯಲ್ಲಿ ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದ ಎಂ. ವಿ. ವಾಸುದೇವ ರಾವ್ ಅವರನ್ನು ಮುಖ್ಯ ಪಾತ್ರಕ್ಕೆ ಕರೆತಂದು ಮೃಣಾಲ್ ಸೇನ್ ಅವರು ಪ್ರೇಮಚಂದರ ಕಥೆಯನ್ನು ‘ಒಕ ಊರಿ ಕಥ’ (1977) ಎಂದು ತೆಲುಗಿಗೆ ತಂದರು. ಗೌತಮ್ ಘೋಷ್ ನಿರ್ದೇಶನದ ‘ಮಾ ಭೂಮಿ’ (1980) ತೆಲಂಗಾಣದ ಸಶಸ್ತ್ರ ರೈತ ಹೋರಾಟವನ್ನು ಅಲ್ಲಿನ ಜನರ ಆಡುಮಾತಿನಲ್ಲೇ ಹೇಳಿತು. ಅದರ ನಿರ್ಮಾಪಕರಲ್ಲೊಬ್ಬರಾದ ಬಿ. ನರಸಿಂಗರಾವ್ ತಾವೇ ನಿರ್ದೇಶಿಸಿದ ‘ದಾಸಿ’ (1988) ಈ ಪರಂಪರೆಯ ಶಿಖರ. ಜಮೀನ್ದಾರನಾದ ದೊರೆಯ ‘ಗಡಿ’, ಅಂದರೆ ಕೋಟೆಯಂಥ ದೊಡ್ಡ ಮನೆಗೆ, ಮದುವೆಯಾಗಿ ಬರುವ ಹೆಣ್ಣಿನ ಜೊತೆ ಸಾಮಾನಿನಂತೆ ಕಳುಹಿಸಲಾಗುತ್ತಿದ್ದ ಸೇವಕಿಯ ಬದುಕನ್ನು ಈ ಚಿತ್ರ ದಿನದ ಕೆಲಸಗಳಿಂದಲೇ ನಿರೂಪಿಸುತ್ತದೆ. ತೆಲಂಗಾಣದ ಹಳ್ಳಿಯ ಹೆಂಗಸರನ್ನು ಚಿತ್ರಿಸುವುದರಲ್ಲಿ ಹೆಸರಾದ ಕಲಾವಿದ ತೋಟ ವೈಕುಂಠಂ ಅವರಿಗೆ ಕಲಾನಿರ್ದೇಶನವನ್ನು ವಹಿಸಿದ್ದು ಸಣ್ಣ ನಿರ್ಧಾರವಲ್ಲ. ನಟಿ ಅರ್ಚನಾ, ಛಾಯಾಗ್ರಾಹಕ ಎ. ಕೆ. ಬೀರ್, ವಸ್ತ್ರವಿನ್ಯಾಸಕ ಸುದರ್ಶನ್ ಅವರ ಜೊತೆಗೆ ವೈಕುಂಠಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

ಕಸುಬಿನ ಸತ್ಯವು ಎಷ್ಟು ಕಠಿಣವೆಂಬುದನ್ನು ಬೆನಗಲ್ ಅವರ ‘ಸುಸ್ಮನ್’ (1987) ತೋರಿಸುತ್ತದೆ. ಅದು ಹೈದರಾಬಾದಿನ ಪೂರ್ವಕ್ಕಿರುವ ಪೋಚಂಪಲ್ಲಿಯ ಇಕ್ಕತ್ ನೇಕಾರರ ಕಥೆ. ಇಕ್ಕತ್ ಎಂದರೆ ನೇಯ್ದ ಬಟ್ಟೆಗೆ ಬಣ್ಣ ಹಾಕುವ ಕಲೆಯಲ್ಲ. ನೂಲನ್ನೇ ವಿನ್ಯಾಸಕ್ಕೆ ತಕ್ಕಂತೆ ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದಿ, ಕಟ್ಟಿದ ಕಡೆ ಬಣ್ಣ ಹತ್ತದಂತೆ ನೋಡಿಕೊಂಡು, ಆಮೇಲೆ ಹಾಸು ಹೊಕ್ಕುಗಳು ಸರಿಯಾಗಿ ಕೂಡುವಂತೆ ಮಗ್ಗದ ಮೇಲೆ ನೇಯುವ ಕಲೆ. ಕಟ್ಟುವ ಮೊದಲು ಹೊಕ್ಕಿನ ನೂಲನ್ನು ‘ಆಸು’ ಎಂಬ ಅರ್ಧವೃತ್ತಾಕಾರದ ಚೌಕಟ್ಟಿನ ಗೂಟಗಳ ಸುತ್ತ ಸುತ್ತಬೇಕು. ಒಂದೊಂದು ಸೀರೆಗೆ ಸಾವಿರಾರು ಸಲ ತೋಳಾಡಿಸುವ ಈ ಕೆಲಸ ಹೆಚ್ಚಾಗಿ ಹೆಂಗಸರದು. ಮಗ್ಗದ ಮುಂದೆ ಕೂತ ನಟನ ಕಾಲು ತುಳಿಯುವ ಲಯವೂ ಲಾಳಿ ಎಸೆಯುವ ಕೈಯೂ ಒಂದಕ್ಕೊಂದು ಹೊಂದದಿದ್ದರೆ ಯಾವ ನೇಕಾರನಿಗೂ ಅದು ತಕ್ಷಣ ತಿಳಿಯುತ್ತದೆ. ನೇಕಾರ ರಾಮುಲುವಿನ ಪಾತ್ರಕ್ಕಾಗಿ ಓಂ ಪುರಿ ನೇಯ್ಗೆಯನ್ನು ಕಲಿತದ್ದು ಆ ಕಾರಣಕ್ಕೆ.

1996ರಲ್ಲಿ ಹೈದರಾಬಾದಿನ ಹೊರವಲಯದಲ್ಲಿ ರಾಮೋಜಿ ಫಿಲ್ಮ್ ಸಿಟಿ ತಲೆಯೆತ್ತಿದ ಮೇಲೆ ಅನುಕೂಲದ ದಾರಿ ಬೇರೆಯಾಯಿತು. ವಿಮಾನ ನಿಲ್ದಾಣ, ರೈಲು ನಿಲ್ದಾಣ, ಬೀದಿಗಳೆಲ್ಲ ಒಂದೇ ಆವರಣದಲ್ಲಿ ಸಿಗುವಾಗ ಫಲಕ ಬದಲಿಸಿ ಯಾವ ಊರನ್ನಾದರೂ ತೋರಿಸಬಹುದು. ಆದರೆ ಆ ಊರಿನ ಧೂಳು, ಸದ್ದು, ನಿಲ್ದಾಣದಲ್ಲಿ ಕಾದು ಕೂತವರ ಗಂಟುಮೂಟೆ ಫಲಕದ ಜೊತೆ ಬರುವುದಿಲ್ಲ.

ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1956ರ ನವೆಂಬರ್ 1ರ ವರೆಗೆ ಇದೇ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು; ಜಾಗೀರದಾರಿಯೂ ದಖ್ಖನಿಯೂ ಅಲ್ಲಿಯ ಬದುಕಿನಲ್ಲಿ ಬೆರೆತಿದ್ದವು. ಆದರೂ ಆ ಭಾಗದ ಕನ್ನಡವು ಕನ್ನಡ ಸಿನಿಮಾದಲ್ಲಿ ಬಹುಮಟ್ಟಿಗೆ ಹಾಸ್ಯಪಾತ್ರಗಳ ಬಾಯಲ್ಲೇ ಉಳಿದಿದೆ. ನರಸಿಂಗರಾವ್ ತಮ್ಮ ನೆಲಕ್ಕೆ ಮಾಡಿದ್ದನ್ನು ಕಲ್ಯಾಣ ಕರ್ನಾಟಕಕ್ಕೆ ಮಾಡಬಲ್ಲ ನಿರ್ದೇಶಕರು ಮುಂದೆ ಬರಬೇಕು, ಮತ್ತು ಅಲ್ಲಿಯ ಜಾಗೀರಿನ ದಿನಗಳನ್ನು ಕಂಡ ಹಿರಿಯರು ಇನ್ನೂ ಬದುಕಿರುವಾಗಲೇ ಅವರಿಂದ ಮನೆ, ಹೊಲ, ದುಡಿಮೆಗಳ ವಿವರಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.