ನೆಲದಾಳದಲ್ಲಿ ದೊರೆತ ಕಣ

ಮದ್ರಸಾದಲ್ಲಿ 'ಅಝ್ಝಿಲ್‌ಝಾಲ್' ಅಧ್ಯಾಯವನ್ನು ಕಂಠಪಾಠ ಮಾಡುವ ಮಕ್ಕಳಿಗೆ 'ಝರ್ರ' ಎಂಬ ಪದ ಚಿರಪರಿಚಿತ. ಪ್ರಾಚೀನ ವ್ಯಾಖ್ಯಾನಕಾರರು ಅದಕ್ಕೆ ಪುಟ್ಟ ಇರುವೆ ಎಂದೂ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವೆಂದೂ ಅರ್ಥ ಹೇಳಿದ್ದಾರೆ. ಆಧುನಿಕ ಅರಬಿ ಭಾಷೆಯು ಅದೇ ಪದವನ್ನು ಪರಮಾಣುವಿಗೆ ಬಳಸಿಕೊಂಡಿತು. ಇಷ್ಟನ್ನೇ ಹಿಡಿದು ಪರಮಾಣು ವಿಜ್ಞಾನವೆಲ್ಲ ಆ ಒಂದು ಪದದಲ್ಲಿ ಅಡಗಿತ್ತೆಂದು ಭಾಷಣ ಮಾಡುವವರಿದ್ದಾರೆ. ಅದು ವಚನಕ್ಕೂ ವಿಜ್ಞಾನಕ್ಕೂ ನ್ಯಾಯವಲ್ಲ. ವಚನವು ಹೇಳುವುದು ಕರ್ಮದ ತೂಕವನ್ನು ಕುರಿತು; ಕಣಗಳ ಜ್ಞಾನವಾದರೋ ಮನುಷ್ಯರ ದೀರ್ಘ ಪರಿಶ್ರಮದಿಂದ ದೊರೆತದ್ದು.

1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. 1911ರಲ್ಲಿ ರುದರ್‌ಫರ್ಡ್, ಪರಮಾಣುವಿನ ನಡುವೆ ಅತಿ ಕಿರಿದಾದ ಬೀಜಕೇಂದ್ರವಿದೆಯೆಂದು ತೋರಿಸಿದರು. ಆ ಕೇಂದ್ರದಲ್ಲಿ ಪ್ರೋಟಾನುಗಳ ಜೊತೆ ನ್ಯೂಟ್ರಾನುಗಳೂ ಇವೆಯೆಂದು ತಿಳಿದದ್ದು 1932ರಲ್ಲಿ, ಚಾಡ್‌ವಿಕ್ ಅವರಿಂದ. ಕೆಲವು ಬೀಜಕೇಂದ್ರಗಳು ತಾವಾಗಿ ಮಾರ್ಪಡುವಾಗ ಸ್ವಲ್ಪ ಶಕ್ತಿ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕಾಣದ ಕಣವೊಂದು ಅದನ್ನು ಒಯ್ಯುತ್ತಿರಬೇಕೆಂದು 1930ರಲ್ಲಿ ಪೌಲಿ ಊಹಿಸಿದರು. ಅದೇ ನ್ಯೂಟ್ರಿನೊ. ವಿದ್ಯುದಂಶವಿಲ್ಲದ ಈ ಕಣವು ಇಡೀ ಭೂಮಿಯನ್ನೇ ಹಾದುಹೋಗಬಲ್ಲದು. ಅಣುಸ್ಥಾವರವೊಂದರ ಬಳಿ ಅದು ಪತ್ತೆಯಾದದ್ದು 1956ರಲ್ಲಿ.

ಈ ಚರಿತ್ರೆಯ ಮುಂದಿನ ಪುಟ ನಮ್ಮ ನೆಲದಲ್ಲಿದೆ. ಮೇಲೂರು 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆಯ ಚಿನ್ನದ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದಲೇ ಪ್ರಯೋಗ ನಡೆಸುತ್ತಿದ್ದರು. ಬಿ.ವಿ. ಶ್ರೀಕಂಠನ್, ಎಂ.ಜಿ.ಕೆ. ಮೆನನ್ ಮೊದಲಾದವರು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಹ್ಯಾಮ್ ವಿಶ್ವವಿದ್ಯಾಲಯಗಳವರೊಡನೆ ಕೂಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಇರಿಸಿದರು. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ನ್ಯೂಟ್ರಿನೊಗಳು ಹುಟ್ಟುತ್ತವೆ. ಜೊತೆಗೆ ಹುಟ್ಟುವ ಇತರ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ಹೇಗೋ ನುಸುಳಿ ಬಂದವು ನೇರ ಮೇಲಿನಿಂದಲೇ ಬರಬೇಕು. ಆದರೆ ಪಕ್ಕದಿಂದ, ಅಡ್ಡಲಾಗಿ ಹಾದುಹೋದ ಕಣಗಳು ಅಲ್ಲಿ ದಾಖಲಾದವು. ಅವು ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೊ ತಾಗಿದ್ದರಿಂದ ಹುಟ್ಟಿದವು. ಹೀಗೆ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊ ಪತ್ತೆಯಾಯಿತು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿಯೂ ಇನ್ನೊಂದು ತಂಡ ಇದನ್ನೇ ಕಂಡಿತು.

2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಅಲ್ಲಿಂದ ಚಿನ್ನ ಬಂದದ್ದನ್ನು ಎಲ್ಲರೂ ಬಲ್ಲರು, ಜ್ಞಾನ ಬಂದದ್ದನ್ನು ಬಲ್ಲವರು ಕಡಿಮೆ. ಜ್ಞಾನವನ್ನು ಹೆಚ್ಚಿಸೆಂದು ಅಲ್ಲಾಹನಲ್ಲಿ ಬೇಡುವ ನಾವು, ಅದಕ್ಕಾಗಿ ಕತ್ತಲೆಯ ಸುರಂಗದಲ್ಲಿ ವರ್ಷಗಟ್ಟಲೆ ಕಾದವರ ಕಥೆಯನ್ನೂ ನಮ್ಮ ಮಕ್ಕಳಿಗೆ ಹೇಳೋಣ.