ಬೆರಳಿನ ಸಿಕ್ಕು, ಸ್ನಾಯುವಿನ ಗಂಟು: ಚಿಕಿತ್ಸೆ ನಡೆದು ಬಂದ ದಾರಿ

ರಾಮನಗರದಲ್ಲಿ ಬಿಸಿನೀರಿನಿಂದ ರೇಷ್ಮೆಗೂಡಿನ ಎಳೆ ಹಿಡಿಯುವ ಬೆರಳು, ಚನ್ನಪಟ್ಟಣದ ಲೇತ್‌ನಲ್ಲಿ ತಿರುಗುವ ಆಲೆ ಮರಕ್ಕೆ ಉಳಿ ಒತ್ತುವ ಬೆರಳು, ಕನಕಪುರ, ಮಾಗಡಿಯ ತೋಟಗಳಲ್ಲಿ ಹಿಪ್ಪುನೇರಳೆ ಕೊಯ್ಯುವ ಬೆರಳು: ಈ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಇವುಗಳಿಂದಲೇ. ಮಡಚಿದ ಬೆರಳು ಸಿಕ್ಕಿಕೊಂಡು, ಎಳೆದಾಗ ‘ಲಟಕ್’ ಎಂದು ಬಿಚ್ಚುವ ಟ್ರಿಗರ್ ಫಿಂಗರ್ ಆಗಲಿ, ಒತ್ತಿದರೆ ಜೀವ ಹಿಂಡುವ ಭುಜದ ಗಂಟಾಗಲಿ ಇಲ್ಲಿ ಕೂಲಿಯನ್ನೇ ಕಸಿಯಬಲ್ಲದು.

ಕಸುಬಿಗೂ ಕಾಯಿಲೆಗೂ ಇರುವ ನಂಟನ್ನು ಇಟಲಿಯ ವೈದ್ಯ ರಮಾಝಿನಿ 1700ರಲ್ಲೇ ಗ್ರಂಥವಾಗಿ ಬರೆದಿದ್ದ. ಸಿಕ್ಕುವ ಬೆರಳನ್ನು ಮೊದಲು ವಿವರಿಸಿದವನು ಫ್ರಾನ್ಸಿನ ನೊಟ್ಟಾ, 1850ರಲ್ಲಿ. ಬೆರಳನ್ನು ಮಡಚುವ ಸ್ನಾಯುರಜ್ಜು ಅಂಗೈಯಲ್ಲಿ ಒಂದು ಬಿಗಿ ಪಟ್ಟಿಯ ಕೆಳಗೆ ಹಾಯುತ್ತದೆ. ಪಟ್ಟಿ ದಪ್ಪವಾಗಿ, ರಜ್ಜುವಿನಲ್ಲಿ ಗಂಟು ಮೂಡಿದರೆ ಬೆರಳು ಸಿಕ್ಕಿಬೀಳುತ್ತದೆ. ಬಿಗಿಹಿಡಿತದ ದುಡಿಮೆಯ ಪಾತ್ರದ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಒಮ್ಮತವಿಲ್ಲ. ಸಕ್ಕರೆ ಕಾಯಿಲೆಯ ಪಾತ್ರ ಮಾತ್ರ ಸ್ಪಷ್ಟ. ಜೀವಮಾನದಲ್ಲಿ ಈ ತೊಂದರೆ ಬರುವ ಸಾಧ್ಯತೆ ಸಾಮಾನ್ಯರಿಗೆ ಶೇ 2–3 ಆದರೆ, ಸಕ್ಕರೆ ಕಾಯಿಲೆಯವರಿಗೆ ಸುಮಾರು ಶೇ 10.

ಚಿಕಿತ್ಸೆಯೆಂದರೆ ಮೊದಲು ಮುಖ್ಯವಾಗಿ ಪಟ್ಟಿಯನ್ನು ಕೊಯ್ದು ಬಿಡಿಸುವ ಶಸ್ತ್ರಕ್ರಿಯೆ ಆಗಿತ್ತು. 1950ರ ದಶಕದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಬಂತು. ಚರ್ಮ ಸೀಳದೆ ಪಟ್ಟಿ ಬಿಡಿಸುವ ವಿಧಾನವನ್ನು ಲಾರ್ತಿಯಾರ್ ಎಂಬ ವೈದ್ಯ 1958ರಲ್ಲಿ ಪ್ರಕಟಿಸಿದ. ಇಂದಿನ ಕ್ರಮ ಸರಳ: ಬೆರಳಿಗೆ ವಿಶ್ರಾಂತಿ, ಕೆಲವು ವಾರ ಸ್ಪ್ಲಿಂಟ್‌ನ ಆಸರೆ, ಆಮೇಲೆ ಚುಚ್ಚುಮದ್ದು, ಅದಕ್ಕೂ ಬಗ್ಗದಿದ್ದರೆ ಕೈಗಷ್ಟೇ ಅರಿವಳಿಕೆ ಕೊಟ್ಟು ಮಾಡುವ ಕಿರು ಶಸ್ತ್ರಕ್ರಿಯೆ. ಚುಚ್ಚುಮದ್ದಿನ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ಗಮನಿಸಬೇಕು.

ಸ್ನಾಯುವಿನ ಗಂಟಿನ ಕಥೆ ಬೇರೆ. ಒಂದೆಡೆಯ ಸ್ನಾಯುವಿನ ನೋವು ಇನ್ನೊಂದೆಡೆ ಕಾಣಿಸಿಕೊಳ್ಳುವುದನ್ನು ಬ್ರಿಟನ್ನಿನ ಕೆಲ್‌ಗ್ರೆನ್ 1938ರಲ್ಲಿ ಪ್ರಯೋಗದಿಂದ ತೋರಿಸಿದ. ಅಮೆರಿಕದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ 1983ರ ಕೈಪಿಡಿಯಲ್ಲಿ ಹೀಗೆ ನೋವು ಹರಡುವ ಗಂಟುಗಳ, ಅಂದರೆ ‘ಟ್ರಿಗರ್ ಪಾಯಿಂಟ್’ಗಳ ನಕ್ಷೆಯನ್ನೇ ಬಿಡಿಸಿದರು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇನ್ನೊಂದು ಬಗೆ. 1990ರ ಅಮೆರಿಕನ್ ಮಾನದಂಡದಂತೆ, ಒತ್ತಿ ನೋಡುವ 18 ಜಾಗಗಳಲ್ಲಿ 11 ನೋಯಬೇಕಿತ್ತು. 2010ರಲ್ಲಿ ಆ ಎಣಿಕೆ ಕೈಬಿಟ್ಟು ನಿದ್ರೆ, ದಣಿವು, ನೋವಿನ ಹರಹನ್ನು ಲೆಕ್ಕಕ್ಕೆ ತೆಗೆದುಕೊಂಡರು. ಗಂಟಿಗೆ ಶಾಖ, ಸ್ನಾಯು ಎಳೆಯುವ ವ್ಯಾಯಾಮ, ಬೇಕಾದರೆ ಸೂಜಿ ಚಿಕಿತ್ಸೆ ಉಂಟು. ಮೈನೋವಿಗೆ ನಿಯಮಿತ ವ್ಯಾಯಾಮ, ಒಳ್ಳೆಯ ನಿದ್ರೆ, ವೈದ್ಯರು ಕೊಡುವ ಮಾತ್ರೆ.

ಈ ಮೂರರ ಮೂಲವೂ ಬೇರೆ, ಮದ್ದೂ ಬೇರೆ. ಎಲ್ಲಕ್ಕೂ ಒಂದೇ ನೋವಿನ ಮಾತ್ರೆ ನುಂಗುವುದು, ಸಿಕ್ಕಿದ ಬೆರಳನ್ನು ಬಲವಂತವಾಗಿ ಎಳೆಯುವುದು ಬೇಡ. ಬೆರಳು ಸಿಕ್ಕಲು ಶುರುವಾದೊಡನೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೈ ತೋರಿಸಿ, ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಕೆಲಸ ಕೊಡುವ ಯಜಮಾನರು ನಡುನಡುವೆ ಕೈಗೆ ಬಿಡುವು ಕೊಡಲಿ.