ನಾಟಕ ಕಲಿಯೋ ವಿದ್ಯಾರ್ಥಿಗಳಿಗೆ: ಮಹಿಷಾಸುರನ ಬಲಗೈ ಯಾವ ಕಡೆ?

ಮೈಸೂರು: ಚಾಮುಂಡಿ ಬೆಟ್ಟಕ್ಕೆ ಹೋದವರು ಮಹಿಷಾಸುರನ ಪ್ರತಿಮೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ವಾಪಸ್ ಬರೋದು ಕಡಿಮೆ. ಆ ಫೋಟೊ ಮೊಬೈಲ್‌ನಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಮಹಿಷಾಸುರನ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಹಾವು. ಆದರೆ ನೋಡುವವರಿಗೆ ಕತ್ತಿ ಕಾಣೋದು ಎಡಗಡೆ. ನಾಟಕ ಕಲಿಯಲು ಹೊರಟ ಹುಡುಗ ಹುಡುಗಿಯರು ಮೊದಲ ದಿನವೇ ಎಡವೋದು ಇಲ್ಲೇ.

ರಂಗದ ಬಲ ಅಂದರೆ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನ ಬಲ, ನೋಡುವವರದ್ದಲ್ಲ. ನಿರ್ದೇಶಕರು ಕೂತಿರೋದು ಪ್ರೇಕ್ಷಕರ ಜಾಗದಲ್ಲೇ ಆದರೂ 'ಬಲಕ್ಕೆ ಬಾ' ಅಂದಾಗ ನಟನ ಲೆಕ್ಕವೇ ಲೆಕ್ಕ. ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ದೀಪ ಬಿಡುವವರು ಒಂದು ಬಲ, ನಟರು ಇನ್ನೊಂದು ಬಲ ಹಿಡಿದರೆ ನಾಯಕ ಕತ್ತಲಲ್ಲಿ ಮಾತಾಡ್ತಾನೆ, ಬೆಳಕು ಖಾಲಿ ಕುರ್ಚಿ ಮೇಲೆ ಬೀಳುತ್ತೆ. ಕತ್ತಲಲ್ಲಿ ಸೆಟ್ ಬದಲಿಸುವಾಗ ಇಬ್ಬರು ಎದುರುಬದುರಾಗಿ ಓಡಿ ಬಂದರೆ ಹಣೆ ಒಡೆಯೋದೂ ಉಂಟು.

ಅಪ್ ಸ್ಟೇಜ್, ಡೌನ್ ಸ್ಟೇಜ್ ಅನ್ನೋ ಪದಗಳಿಗೂ ಬೆಟ್ಟ ನೆನೆಸಿಕೊಂಡರೆ ಸಾಕು. ಹಳೇ ಕಾಲದ ಯುರೋಪಿನ ರಂಗಮಂಚಗಳು ಇಳಿಜಾರಾಗಿದ್ದವು. ಹಿಂದೆ ಎತ್ತರ, ಪ್ರೇಕ್ಷಕರ ಹತ್ತಿರ ತಗ್ಗು. ನಟ ಹಿಂದೆ ಹೋಗಬೇಕಾದರೆ ಮೆಟ್ಟಿಲಿಲ್ಲದ ಸಣ್ಣ ಬೆಟ್ಟ ಹತ್ತಿದ ಹಾಗೆ. ಈಗ ರಂಗಮಂಚ ಬಹುತೇಕ ಸಮತಟ್ಟು, ಹೆಸರು ಮಾತ್ರ ಉಳಿದಿದೆ. ಒಬ್ಬ ನಟ ಹಿಂದೆ ಸರಿದು ನಿಂತರೆ, ಅವನ ಜೊತೆ ಮಾತಾಡೋ ನಟ ಪ್ರೇಕ್ಷಕರಿಗೆ ಬೆನ್ನು ಹಾಕಲೇಬೇಕಾಗುತ್ತೆ. ಬೇಕಂತಲೇ ಹೀಗೆ ಮಾಡೋ ನಟರನ್ನು ತಂಡದಲ್ಲಿ ಯಾರೂ ಇಷ್ಟಪಡಲ್ಲ.

ಮೆಟ್ಟಿಲು ಹತ್ತುವಾಗ ಸಿಗೋ ದೊಡ್ಡ ನಂದಿ 17ನೇ ಶತಮಾನದ್ದು, ದೊಡ್ಡ ದೇವರಾಜ ಒಡೆಯರ ಕಾಲದ್ದು. ಉತ್ತರ ಪತ್ರಿಕೆಯಲ್ಲಿ ಈ ನಂದಿಯನ್ನು ತಂದು ನಾಟಕದೊಳಗೆ ಕೂರಿಸಬೇಡಿ. ನಾಟಕದ್ದು 'ನಾಂದಿ', ದೀರ್ಘ. ಸಂಸ್ಕೃತ ನಾಟಕ ಶುರುವಾಗುವಾಗ ದೇವರನ್ನು ನೆನೆದು ಎಲ್ಲರಿಗೂ ಒಳಿತು ಕೋರುವ ಪದ್ಯ ಅದು. ಕೊನೆಯಲ್ಲಿ ಬರುವ ಶುಭ ಹಾರೈಕೆ ಭರತವಾಕ್ಯ. ನಡುವೆ ಸೂತ್ರಧಾರ ಬಂದು ನಾಟಕವನ್ನು ಪರಿಚಯಿಸುವ ಭಾಗ ಪ್ರಸ್ತಾವನೆ. ಸುದ್ದಿಮನೆಗಳಲ್ಲಿ ಈ ಪದಗಳ ಗತಿ ಬೇರೆಯೇ ಆಗಿದೆ: ನಾಂದಿ ಆಗೋದು ವಿವಾದಕ್ಕೆ, ಸೂತ್ರಧಾರ ಸಿಗೋದು ಪೊಲೀಸರ ಕೈಗೆ! ಸೋತ ರಾಜಕಾರಣಿ ಸರಿಯೋ 'ನೇಪಥ್ಯ' ಕೂಡ ರಂಗದ ಮಾತೇ. ಪರದೆಯ ಹಿಂದೆ ವೇಷ ಕಟ್ಟಿಕೊಳ್ಳುವ ಜಾಗ ಅದು. ಅಲ್ಲಿಗೆ ಹೋಗೋದು ಸೋಲಲ್ಲ, ಮುಂದಿನ ಪ್ರವೇಶಕ್ಕೆ ತಯಾರಿ.

ಇಂಥ ಸಂಸ್ಕೃತ ಪದಗಳು ಮೈಸೂರಿನ ರಂಗದಲ್ಲಿ ಬೇರೂರಲು ಅರಮನೆಯೂ ಕಾರಣ. ಚಾಮರಾಜೇಂದ್ರ ಒಡೆಯರ ಆಶ್ರಯದ ನಾಟಕ ಮಂಡಳಿಗಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. 'ಅಭಿನವ ಕಾಳಿದಾಸ' ಅನ್ನಿಸಿಕೊಂಡರು. ಆಮೇಲೆ ವೃತ್ತಿ ಕಂಪನಿಗಳ ಕಾಲದಲ್ಲಿ ಸೀನು, ಸೈಡ್ ವಿಂಗ್, ತಾಲೀಮು ಬಂದು ಸೇರಿಕೊಂಡವು. ತಾಲೀಮು ಅರಬ್ಬಿ ಮೂಲದ್ದು, ಕಲಿಸುವುದು ಅಂತ ಅರ್ಥ. ದಸರಾ ಆನೆಗಳಿಗೆ ಪ್ರತಿ ವರ್ಷ ಮರಳು ಮೂಟೆ ಹೊರಿಸಿ ಮಾಡಿಸೋದೂ ತಾಲೀಮೇ. ನಟನಿಗೂ ಆನೆಗೂ ಒಂದೇ ಪದ ಬಳಸೋ ಊರು ಬಹುಶಃ ಇದೊಂದೇ ಇರಬೇಕು. ಜಂಬೂಸವಾರಿಯ ಸ್ತಬ್ಧಚಿತ್ರವೂ ರಂಗದ ನೆಂಟನೇ: ಪಾತ್ರಗಳು ಚಿತ್ರದ ಹಾಗೆ ಅಲುಗಾಡದೆ ನಿಂತರೆ ಅದು ಟ್ಯಾಬ್ಲೋ.

ಮಾತಿನ ಬಗೆಗಳಲ್ಲಿ ಮೂರು ಪದ ಸದಾ ಅದಲುಬದಲಾಗುತ್ತವೆ. ಪಾತ್ರ ತನಗೆ ತಾನೇ ಹೇಳಿಕೊಂಡರೆ ಸ್ವಗತ. ಬೇರೆಯವರು ಎದುರಿಗೇ ಇದ್ದರೂ ಅವರಿಗೆ ಕೇಳಿಸದ ಹಾಗೆ ಒಬ್ಬರ ಹತ್ತಿರ ಮಾತ್ರ ಗುಟ್ಟು ಹೇಳಿದರೆ ಜನಾಂತಿಕ. ಇದನ್ನು ತೋರಿಸಲು ನಟ ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿಯುತ್ತಾನೆ. ರಂಗದಲ್ಲಿ ಇಲ್ಲದವರ ಜೊತೆ ಮಾತಾಡಿ, 'ಏನಂದೆ?' ಅಂತ ತಾನೇ ಕೇಳಿ ತಾನೇ ಉತ್ತರ ಹೇಳಿದರೆ ಆಕಾಶಭಾಷಿತ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮಾತಾಡುವವರನ್ನು ನೋಡಿದ್ದರೆ ಇದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಅಭಿನಯ ನಾಲ್ಕು ಬಗೆ. ಮೈಯದ್ದು ಆಂಗಿಕ, ಮಾತಿನದ್ದು ವಾಚಿಕ, ವೇಷಭೂಷಣದ್ದು ಆಹಾರ್ಯ. ಕಣ್ಣೀರು, ಬೆವರು, ನಡುಕದಂಥ ಒಳಗಿನ ಭಾವದ್ದು ಸಾತ್ವಿಕ. ಆಹಾರ್ಯಕ್ಕೂ ಆಹಾರಕ್ಕೂ ಸಂಬಂಧ ಕಟ್ಟಬೇಡಿ. ಟ್ರ್ಯಾಜಿಡಿಗೆ 'ದುರಂತ ನಾಟಕ' ಅಂತ ಬರೆದರೂ ಸರಿಯೇ. ಆದರೆ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಬಿ.ಎಂ.ಶ್ರೀ ಬಳಸಿದ 'ರುದ್ರನಾಟಕ'ದಲ್ಲಿ ಇರೋ ಬಿರುಸು ಅದರಲ್ಲಿಲ್ಲ.

ಇಷ್ಟನ್ನು ಓದಿ ತಿಳಿಯೋದಕ್ಕಿಂತ ನೋಡಿ ತಿಳಿಯೋದು ಸುಲಭ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಶುರುವಾದ ರಂಗಾಯಣ ಕಲಾಮಂದಿರದ ಆವರಣದಲ್ಲೇ ಇದೆ. ಅಲ್ಲಿನ ಭೂಮಿಗೀತದಲ್ಲಿ ಒಂದು ನಾಟಕ, ಬಯಲಲ್ಲಿರೋ ವನರಂಗದಲ್ಲಿ ಇನ್ನೊಂದು ನಾಟಕ ನೋಡಿ. ಎರಡೂ ಕಡೆ ದೃಶ್ಯ ಹೇಗೆ ಮುಗಿಯುತ್ತೆ ಅನ್ನೋದನ್ನು ಗಮನಿಸಿ. ದೀಪಗಳೆಲ್ಲ ಒಟ್ಟಿಗೆ ಆರಿದರೆ ಬ್ಲಾಕೌಟ್, ನಿಧಾನಕ್ಕೆ ಇಳಿದರೆ ಫೇಡ್ ಔಟ್. ಯಾವ ಮಾತಿಗೆ ದೀಪ ಆರಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡ ಸುಳಿವೇ ಕ್ಯೂ. ನಟ ಆ ಮಾತನ್ನೇ ಮರೆತರೆ, ದೀಪದವರು ಸ್ವಿಚ್ ಮೇಲೆ ಕೈಯಿಟ್ಟು ಕಾಯುತ್ತಲೇ ಇರಬೇಕಾಗುತ್ತೆ.